ಜಗಲಿಯ ಕೆಳಗಿನ ಚಪ್ಪಲಿಗಳು: ನೆನಪಿನ ಚಿತ್ರವನ್ನು ನೋಡುವ ಮತ್ತು ಬಿಡಿಸುವ ಬಗೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಅಧ್ಯಾಪಿಕೆ. 2025ರಲ್ಲಿ ದೆಹಲಿಗೆ ಹೋಗಿದ್ದಾಗ ಕಿರಣ್ ನಾಡಾರ್ ಕಲಾ ಸಂಗ್ರಹಾಲಯದಲ್ಲಿ ಗುಲಾಮ್ ಮೊಹಮ್ಮದ್ ಶೇಖ್ ಅವರ ಸಮಗ್ರ ಪ್ರದರ್ಶನವನ್ನು ನೋಡಿದೆ. ಚಿತ್ರಗಳಲ್ಲಿ ಮನುಷ್ಯರಿದ್ದಾರೆ, ಮನೆಗಳಿವೆ, ಗುರುತು ಸಿಗದ್ದು ಯಾವುದೂ ಇಲ್ಲ. ಆದರೂ ಎಲ್ಲಿಂದ ನೋಡಲು ತೊಡಗಬೇಕೆಂದು ತಿಳಿಯಲಿಲ್ಲ. ಇವನ್ನು ಚರಿತ್ರೆಯ ಚಿತ್ರಗಳೆನ್ನಬೇಕೆ, ಸ್ವಂತ ನೆನಪಿನ ಚಿತ್ರಗಳೆನ್ನಬೇಕೆ, ಭಕ್ತಿಯ ಚಿತ್ರಗಳೆನ್ನಬೇಕೆ? ಇನ್ನೊಂದು ಮಾತು. ಹೆದ್ದಾರಿ ಅಗಲ ಮಾಡುವಾಗ ಹೋದ ನನ್ನ ಅಜ್ಜಿಯ ಮನೆಯನ್ನು ಬಿಡಿಸಲು ಎರಡು ವರ್ಷಗಳಿಂದ ಯತ್ನಿಸುತ್ತಿದ್ದೇನೆ. ಅದು ಮೊದಲು ಗೇಣಿ ಮನೆ, 1970ರ ನಂತರ ನಮ್ಮದಾದದ್ದು. ಬಿಡಿಸಿದ್ದೆಲ್ಲ ಕ್ಯಾಲೆಂಡರ್ ಚಿತ್ರದಂತೆ ಕಾಣುತ್ತದೆ. ಮೂರು ಹಾಳೆಗಳ ಫೋಟೋ ಕಳುಹಿಸಿದ್ದೇನೆ. ತಪ್ಪು ಎಲ್ಲಿದೆ?

ಉತ್ತರ: ನೀವು ಕೇಳಿದ ಎರಡು ಪ್ರಶ್ನೆಗಳು ನಿಜವಾಗಿ ಒಂದೇ ಪ್ರಶ್ನೆ ಎಂದು ನನಗನ್ನಿಸುತ್ತದೆ. ದೆಹಲಿಯ ಆ ಗೋಡೆಗಳ ಮುಂದೆ ಎಲ್ಲಿಂದ ನೋಡಬೇಕೆಂದು ನಿಮಗೆ ತೋಚದೆ ಹೋದದ್ದಕ್ಕೂ ನಿಮ್ಮ ಅಜ್ಜಿಯ ಮನೆ ಕ್ಯಾಲೆಂಡರಿನ ಮನೆಯಾಗಿಬಿಡುವುದಕ್ಕೂ ಕಾರಣ ಒಂದೇ ಇರಬಹುದು. ಮೊದಲು ಶೇಖ್ ಅವರ ಚಿತ್ರಗಳ ವಿಚಾರ ಹೇಳಿ, ಆಮೇಲೆ ನಿಮ್ಮ ಹಾಳೆಗಳಿಗೆ ಬರುತ್ತೇನೆ. ಆ ಮೂರನ್ನೂ ಹಲವು ಸಲ ನೋಡಿದ್ದೇನೆ. ಎರಡನೆಯದರಲ್ಲಿ ನೀವೇ ಗಮನಿಸಿರಲಾರದ ಒಂದು ಸಂಗತಿಯಿದೆ.

ಕಲಾವಿದರ ಪರಿಚಯವನ್ನು ಚುಟುಕಾಗಿ ಹೇಳಿದರೆ ಸಾಕು. ಶೇಖ್ ಹುಟ್ಟಿದ್ದು 1937ರಲ್ಲಿ, ಸೌರಾಷ್ಟ್ರದ ಸುರೇಂದ್ರನಗರದಲ್ಲಿ. ಬರೋಡದ ಕಲಾಶಾಲೆಯಲ್ಲಿ ಕಲಿತು, 1963ರಿಂದ 1966ರವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿ, ಮರಳಿ ಬರೋಡದಲ್ಲೇ ಮೊದಲು ಕಲಾ ಇತಿಹಾಸವನ್ನೂ ಅನಂತರ ಚಿತ್ರಕಲೆಯನ್ನೂ ಕಲಿಸಿದವರು. ಗುಜರಾತಿಯಲ್ಲಿ ಕವಿಯೆಂದೂ ಹೆಸರುಳ್ಳವರು. ಮನೆಯೊಳಗೆ ಒಂದು ಪರಂಪರೆ, ಶಾಲೆಯಲ್ಲಿ ಮತ್ತು ಬೀದಿಯಲ್ಲಿ ಇನ್ನೊಂದು, ಓದಿನಲ್ಲಿ ಮೂರನೆಯದು, ಇವೆಲ್ಲವೂ ತನ್ನವೇ ಎಂಬ ಭಾವದಿಂದ ಬೆಳೆದವರೆಂಬುದು ಅವರ ಚಿತ್ರಗಳನ್ನು ನೋಡುವಾಗ ನೆನಪಿನಲ್ಲಿರಬೇಕಾದ ಮಾತು. ನಾಲ್ಕು ಭಾಷೆ ಕಿವಿಗೆ ಬೀಳದೆ ಒಂದು ದಿನವೂ ಕಳೆಯದ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಚಿತ್ರ ಬರೆಯತೊಡಗಿದ ಕಾಲದಲ್ಲಿ ನಮ್ಮ ದೇಶದ ಅನೇಕ ಪ್ರತಿಭಾವಂತರು ಆಕೃತಿಯನ್ನು ಬಿಟ್ಟು ಅಮೂರ್ತದ ಕಡೆ ಹೊರಳಿದ್ದರು. ಮನುಷ್ಯನನ್ನು ಬರೆದರೂ ಆತ ಎಲ್ಲಿಯವನೆಂದು ಹೇಳಲಾಗದಂತೆ, ಬರಿಯ ಬಣ್ಣದ ಬಯಲಿನಲ್ಲಿ ಒಂಟಿಯಾಗಿ ನಿಲ್ಲಿಸುವುದು ರೂಢಿಯಾಗಿತ್ತು. 1981ರಲ್ಲಿ ಮುಂಬಯಿ ಮತ್ತು ದೆಹಲಿಗಳಲ್ಲಿ ‘ಪ್ಲೇಸ್ ಫಾರ್ ಪೀಪಲ್’ ಎಂಬ ಪ್ರದರ್ಶನ ನಡೆಯಿತು. ಶೇಖ್, ಭೂಪೇನ್ ಖಖ್ಖರ್, ಜೋಗೇನ್ ಚೌಧುರಿ, ನಳಿನಿ ಮಲಾನಿ, ಸುಧೀರ್ ಪಟವರ್ಧನ್ ಮತ್ತು ವಿವಾನ್ ಸುಂದರಂ ಎಂಬ ಆರು ಮಂದಿ ಅದರಲ್ಲಿದ್ದರು. ಜನರಿಗೊಂದು ಜಾಗ ಎಂಬ ಅರ್ಥದ ಆ ಹೆಸರಿನಲ್ಲೇ ಅವರ ಹಟವೂ ಇದೆ. ಮನುಷ್ಯನನ್ನು ಬರೆಯುವುದಾದರೆ ಅವನ ಓಣಿ, ಅಂಗಡಿ, ನೆರೆಕರೆ ಎಲ್ಲವನ್ನೂ ಜೊತೆಗಿಟ್ಟು ಬರೆಯಬೇಕು. ಖಖ್ಖರ್ ವೃತ್ತಿಯಿಂದ ಲೆಕ್ಕಪರಿಶೋಧಕರು, ಪಟವರ್ಧನ್ ಎಕ್ಸ್‌ರೇ ತಜ್ಞ ವೈದ್ಯರು. ದಿನವಿಡೀ ಸಾಮಾನ್ಯ ಜನರ ನಡುವೆಯೇ ಇದ್ದವರು ಎಂಬುದು ಅವರ ಚಿತ್ರಗಳಲ್ಲಿ ಕಾಣುತ್ತದೆ.

ಈಗ ನೋಡುವ ಬಗೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಒಂದೇ ಉಪಾಯವನ್ನು ನಿಮಗೂ ಹೇಳುತ್ತೇನೆ: ಮುಖಗಳಿಂದ ತೊಡಗಬೇಡಿ, ಪಾದಗಳಿಂದ ತೊಡಗಿ. ಮುಖ ನೋಡಿದ ಕೂಡಲೇ ‘ಇವನು ಯಾರು’ ಎಂಬ ಪ್ರಶ್ನೆ ಬರುತ್ತದೆ, ಗುರುತು ಸಿಕ್ಕರೆ ನೋಡುವುದು ಅಲ್ಲಿಗೇ ನಿಲ್ಲುತ್ತದೆ. ಪಾದ ನೋಡಿದರೆ ‘ಇವನು ಯಾವ ನೆಲದ ಮೇಲೆ ನಿಂತಿದ್ದಾನೆ, ಪಕ್ಕದವನೂ ಅದೇ ನೆಲದ ಮೇಲಿದ್ದಾನೆಯೇ’ ಎಂದು ಕೇಳಬೇಕಾಗುತ್ತದೆ. ಶೇಖ್ ಅವರ ಚಿತ್ರಗಳ ಗುಟ್ಟು ಈ ಎರಡನೆಯ ಪ್ರಶ್ನೆಯಲ್ಲಿದೆ.

ಲಂಡನ್ನಿನಿಂದ ಮರಳಿದ ಕೆಲವು ವರ್ಷಗಳ ನಂತರ, 1969ರಿಂದ 1973ರವರೆಗೆ, ಅವರು ಒಂದು ಚಿತ್ರವನ್ನು ಬರೆದರು. ಅದರ ಹೆಸರನ್ನು ಕನ್ನಡದಲ್ಲಿ ‘ಬಹುಕಾಲದ ಮೇಲೆ ಮನೆಗೆ ಮರಳುವುದು’ ಎನ್ನಬಹುದು. ಮುಂದುಗಡೆ ಅವರ ತಾಯಿ ಇದ್ದಾರೆ, ಫೋಟೋ ತೆಗೆಯುವವನ ಎದುರು ಕೂತವರಂತೆ, ನಮ್ಮ ಕಡೆಗೆ ನೇರ ಮುಖ ಮಾಡಿ. ಹಿಂದೆ ಹುಟ್ಟಿದೂರಿನ ಮನೆಗಳು, ಮಸೀದಿ. ಆಕಾಶದಲ್ಲಿ ಪರ್ಷಿಯಾದ ಹಳೆಯ ಗ್ರಂಥಚಿತ್ರಗಳಿಂದ ಹಾರಿ ಬಂದ ದೇವದೂತರು. ತಾಯಿಯನ್ನು ನಾವು ಎದುರಿನಿಂದ ನೋಡುತ್ತೇವೆ, ಓಣಿಯನ್ನು ಮಾಳಿಗೆಯಿಂದ ಬಗ್ಗಿ ನೋಡಿದ ಹಾಗೆ ನೋಡುತ್ತೇವೆ, ದೇವದೂತರನ್ನು ನೋಡುವಾಗ ಕಣ್ಣು ಗ್ರಂಥದ ಹಾಳೆಯ ಮೇಲಿರುತ್ತದೆ. ಮೂರಕ್ಕೂ ಸಲ್ಲುವ ಒಂದು ನಿಲುವಿನ ಜಾಗ ಎಲ್ಲಿಯೂ ಇಲ್ಲ. ನೀವು ಎಲ್ಲಿ ನಿಂತು ನೋಡಬೇಕೆಂದು ತೋಚದೆ ಹೋದದ್ದು ನಿಮ್ಮ ಕೊರತೆಯಿಂದಲ್ಲ. ಒಂದೇ ಕಡೆ ನಿಂತು ನೋಡಲು ಆಗದಂತೆಯೇ ಆ ಚಿತ್ರಗಳನ್ನು ಕಟ್ಟಲಾಗಿದೆ.

ಇದು ನಮಗೆ ಹೊಸದೂ ಆಗಬೇಕಾಗಿಲ್ಲ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು ನಾವು. ಯಕ್ಷಗಾನದ ಆಟ ನೋಡಿ ಬೆಳೆದವರು. ರಂಗಸ್ಥಳದಲ್ಲಿ ವೇಷಧಾರಿ ಒಂದು ಸುತ್ತು ಬಂದರೆ ಅಯೋಧ್ಯೆ ಕಳೆದು ದಂಡಕಾರಣ್ಯ ಬರುತ್ತದೆ. ಅದೇ ಹಲಗೆ, ಅದೇ ದೀಪ, ಭಾಗವತರು ಕುಳಿತ ಜಾಗವೂ ಅದೇ. ಊರು ಬದಲಾಯಿತೆಂದು ಯಾರೂ ಬೋರ್ಡು ಹಾಕುವುದಿಲ್ಲ, ಮೂರು ವರ್ಷದ ಮಗುವಿಗೂ ಗೊಂದಲವಾಗುವುದಿಲ್ಲ. ಹಾಗೆಯೇ ಶೇಖ್ ಅವರ ಚಿತ್ರದಲ್ಲಿ ಕಣ್ಣು ಒಂದು ಸುತ್ತು ಹಾಕಿದರೆ ಕಾಲ ಬದಲಾಗುತ್ತದೆ. ರಂಗಸ್ಥಳವನ್ನು ಓದಲು ಬಲ್ಲ ಕಣ್ಣು ನಿಮಗೆ ಆಗಲೇ ಇದೆ. ಕಲಾಶಾಲೆಯ ಪಾಠದಲ್ಲಿ ಅದನ್ನು ಬದಿಗಿಡಲು ನಮಗೆಲ್ಲ ಕಲಿಸಿಬಿಟ್ಟಿದ್ದಾರೆ, ನನಗೂ ಸೇರಿ.

ಈ ರೀತಿಯ ನೆಲವನ್ನು ಅವರು ಎಲ್ಲಿಂದ ತಂದರೆಂಬುದನ್ನು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಅಕ್ಬರನ ಚಿತ್ರಶಾಲೆಯಲ್ಲಿ, ಸುಮಾರು 1562ರಿಂದ ಹದಿನೈದು ವರ್ಷಗಳ ಕಾಲ, ಬಟ್ಟೆಯ ಮೇಲೆ ಬರೆದ ಹಮ್ಜಾನಾಮಾ ಎಂಬ ಮಹಾಮಾಲೆಯಿದೆ. ಅದರಲ್ಲಿ ಸುಮಾರು 1400 ಚಿತ್ರಗಳಿದ್ದವು, ಈಗ ಉಳಿದಿರುವುದು ಅಲ್ಪ ಭಾಗ. ಒಂದೇ ಹಾಳೆಯಲ್ಲಿ ಕೋಟೆಯ ಒಳಗೂ ಹೊರಗೂ ಮೇಲೂ ಕೆಳಗೂ ಏಕಕಾಲಕ್ಕೆ ಕತೆ ನಡೆಯುವುದನ್ನು ಅಲ್ಲಿ ಕಾಣಬಹುದು. ಇಟಲಿಯ ಸಿಯೆನಾ ಪಟ್ಟಣದ ಪುರಭವನದಲ್ಲಿ ಆಂಬ್ರೋಜಿಯೋ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಭಿತ್ತಿಚಿತ್ರದಲ್ಲಿ ಒಳ್ಳೆಯ ಆಡಳಿತವಿರುವ ಊರಿನ ಬೀದಿಗಳು, ಅಂಗಡಿಗಳು, ಕುಣಿಯುವ ಹೆಣ್ಣುಮಕ್ಕಳು, ಊರ ಬಾಗಿಲಿನಾಚೆಯ ಹೊಲಗಳು ಎಲ್ಲ ಒಂದೇ ಗೋಡೆಯ ಮೇಲೆ ಹರಡಿಕೊಂಡಿವೆ. ಶೇಖ್ ಇವೆರಡನ್ನೂ ಗುರುಗಳಂತೆ ಕಂಡವರು.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದೆನಿಸುವುದು ಮೂರನೆಯ ಮೂಲ, ಶಾಂತಿನಿಕೇತನದ ಹಿಂದಿ ಭವನದಲ್ಲಿ ವಿನೋದ ಬಿಹಾರಿ ಮುಖರ್ಜಿ 1946–47ರಲ್ಲಿ ಬರೆದ ಮಧ್ಯಯುಗದ ಸಂತರ ಭಿತ್ತಿಚಿತ್ರ. ಬಾಲ್ಯದಿಂದಲೇ ದೃಷ್ಟಿ ಕುಂದಿದ್ದ, ಆ ಚಿತ್ರ ಮುಗಿದು ಹತ್ತು ವರ್ಷಗಳಲ್ಲಿ ಪೂರ್ತಿ ಕಣ್ಣು ಕಳೆದುಕೊಂಡ ಮನುಷ್ಯ, ಕೊಠಡಿಯ ಗೋಡೆಗಳ ಮೇಲ್ಭಾಗದ ಉದ್ದಕ್ಕೂ, ಹಸಿ ಗಾರೆಯ ಮೇಲೆ, ಪೂರ್ಣ ಪ್ರಮಾಣದ ನಕಾಶೆ ಇಟ್ಟುಕೊಳ್ಳದೆ ನೇರವಾಗಿ ಬರೆದರು. ಕಬೀರ, ಸೂರದಾಸ, ತುಳಸೀದಾಸ, ರಾಮಾನುಜರು ಅಲ್ಲಿದ್ದಾರೆ, ಆದರೆ ಪ್ರಭಾವಳಿ ಹೊತ್ತು ಎತ್ತರದಲ್ಲಿ ಕುಳಿತಿಲ್ಲ. ಹೊರೆ ಹೊತ್ತವರು, ಮಗುವನ್ನು ಎತ್ತಿಕೊಂಡವರು, ಸ್ನಾನಘಟ್ಟದ ಮೆಟ್ಟಿಲಿಳಿಯುವವರು, ಇವರ ಗುಂಪು ನದಿಯಂತೆ ಹರಿಯುತ್ತದೆ, ಸಂತರು ಆ ಹರಿವಿನೊಳಗೆ ನಡೆಯುತ್ತಿದ್ದಾರೆ. ಸಂತನ ಪಾದವೂ ಹೊರೆಯಾಳಿನ ಪಾದವೂ ಒಂದೇ ಮಣ್ಣಿನ ಮೇಲಿದೆ. ಆ ಕೆಲಸದಲ್ಲಿ ಕೈಜೋಡಿಸಿದ ವಿದ್ಯಾರ್ಥಿಗಳಲ್ಲಿ ಒಬ್ಬರು ಕೆ. ಜಿ. ಸುಬ್ರಹ್ಮಣ್ಯನ್. ಅವರು ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಕೂತುಪರಂಬದಲ್ಲಿ 1924ರಲ್ಲಿ ಹುಟ್ಟಿದವರು, ಮುಂದೆ ಶೇಖ್ ಕಲಿತು ಕಲಿಸಿದ ಬರೋಡದ ಅದೇ ಕಲಾಶಾಲೆಯಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದವರು. ಆ ಗೋಡೆಯ ಪಾಠ ಬರೋಡವನ್ನು ಸೇರಿದ ದಾರಿಯಲ್ಲಿ ನಮ್ಮ ಕರಾವಳಿಯವರೊಬ್ಬರು ಇದ್ದರೆಂಬುದು ನನಗೆ ಸಂತೋಷದ ವಿಷಯ.

ನಿಮ್ಮ ಪ್ರಶ್ನೆಯ ಮೊದಲ ಪದಕ್ಕೆ ಬರೋಣ, ಚರಿತ್ರೆ. 1975ರಲ್ಲಿ ಶೇಖ್ ಬರೆದ ಒಂದು ಚಿತ್ರವನ್ನು ‘ಮಾತಿಲ್ಲದ ಪಟ್ಟಣ’ ಎಂದು ಕರೆಯೋಣ. ತುರ್ತುಪರಿಸ್ಥಿತಿಯ ವರ್ಷವದು. ಪಟ್ಟಣ ಪೂರ್ತಿಯಾಗಿ ಇದೆ, ಗೋಡೆಗಳು ನಿಂತಿವೆ, ಪ್ರಾಣಿಗಳು ಅಲೆಯುತ್ತಿವೆ. ಜನ ಒಬ್ಬರೂ ಇಲ್ಲ. ಯಾವ ಪೊಲೀಸನನ್ನೂ ಯಾವ ನಾಯಕನನ್ನೂ ತೋರಿಸದೆ, ಇರಬೇಕಾದವರನ್ನು ತೆಗೆದುಹಾಕಿದ್ದರಿಂದಲೇ ಆ ವರ್ಷ ಏನಾಯಿತೆಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಚಿತ್ರ ಇದೇ. ಪ್ರದರ್ಶನದಲ್ಲಿ ಹೆಚ್ಚಿನವರು ದೊಡ್ಡ ಚಿತ್ರಗಳ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಸಾಧ್ಯವಾದರೆ ಇದರ ಒಂದು ಒಳ್ಳೆಯ ಮುದ್ರಣವನ್ನು ಹುಡುಕಿ, ತರಗತಿಯ ಗೋಡೆಗೆ ಹಾಕಿ, ‘ಇಲ್ಲಿ ಯಾರಿಲ್ಲ’ ಎಂದು ಮಕ್ಕಳಲ್ಲಿ ಕೇಳಿ ನೋಡಿ.

ಇದಕ್ಕೆ ಎದುರಾಗಿ 1981ರಿಂದ 1984ರವರೆಗೆ ಬರೆದ ‘ಮಾರಾಟಕ್ಕಿರುವ ನಗರ’ವನ್ನು ಇಡಬಹುದು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅಲ್ಲಿ ಎಲ್ಲರೂ ಇದ್ದಾರೆ. ಚಿತ್ರಮಂದಿರದ ಪರದೆಯ ಮೇಲೆ ಆ ಕಾಲದ ಜನಪ್ರಿಯ ಹಿಂದಿ ಸಿನಿಮಾ ಓಡುತ್ತಿದೆ, ತರಕಾರಿ ಮಾರುವ ಹೆಂಗಸು ತನ್ನ ವ್ಯಾಪಾರದಲ್ಲಿದ್ದಾಳೆ, ಅದೇ ನಗರದಲ್ಲಿ ಕೋಮುಗಲಭೆಯ ಬೆಂಕಿಯೂ ಇದೆ. ಗಲಭೆಯನ್ನು ನಡುವೆ ಇಟ್ಟು ಉಳಿದದ್ದನ್ನು ಹಿನ್ನೆಲೆಗೆ ತಳ್ಳಿದ್ದರೆ ಅದೊಂದು ಭಿತ್ತಿಪತ್ರವಾಗುತ್ತಿತ್ತು. ಬೆಂಕಿಯ ಪಕ್ಕದ ಓಣಿಯಲ್ಲಿ ಬದನೆಕಾಯಿಗೆ ಚೌಕಾಶಿ ನಡೆಯುತ್ತದೆಂಬ ಸತ್ಯವನ್ನು ಬಿಡದೆ ಬರೆದದ್ದರಿಂದ ಅದು ಚರಿತ್ರೆಯಾಗಿದೆ. ಚರಿತ್ರೆ ನಡೆಯುವ ದಿನವೂ ಜನ ಅಕ್ಕಿ ತೊಳೆದಿರುತ್ತಾರೆ, ಸಿನಿಮಾಕ್ಕೆ ಹೋಗಿರುತ್ತಾರೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಮನೆಯ ಹಿರಿಯರಲ್ಲಿ ಆ ದಿನದ ವಿಚಾರ ಕೇಳಿದರೆ ಹೋರಾಟದ ನೆನಪಿನ ಜೊತೆಗೇ ಯಾವುದೋ ಹಸು ಕರು ಹಾಕಿದ್ದು, ಯಾರಿಗೋ ಜ್ವರ ಬಂದದ್ದು ಹೊರಡುತ್ತದೆ. ಆ ಎರಡನ್ನೂ ಬೇರ್ಪಡಿಸದೆ ಬರೆಯುವುದೇ ಶೇಖ್ ಅವರ ದಾರಿ.

ಇನ್ನು ಭಕ್ತಿ, ಅಥವಾ ಮೀರುವಿಕೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಮಾತನ್ನು ಕಲಾವಿಮರ್ಶೆಯಲ್ಲಿ ಸಡಿಲವಾಗಿ ಬಳಸುವುದುಂಟು. ಚಿತ್ರದಲ್ಲಿ ಚಿನ್ನದ ಬಣ್ಣ, ಮೇಲ್ಮುಖವಾದ ಕಣ್ಣು, ಬೆಳಕಿನ ವೃತ್ತ ಕಂಡರೆ ಅಧ್ಯಾತ್ಮ ಎಂದು ಬರೆದುಬಿಡುತ್ತಾರೆ. ಶೇಖ್ ಅವರ ಚಿತ್ರಗಳಲ್ಲಿ ಕಬೀರ ಮತ್ತೆ ಮತ್ತೆ ಬರುತ್ತಾನೆ, ಮಗ್ಗದ ಮುಂದೆ ಕುಳಿತ ಕಬೀರ. ಅವನು ನೇಯುತ್ತಿದ್ದಾನೆ, ಅಂದರೆ ದುಡಿಯುತ್ತಿದ್ದಾನೆ. ನೂಲು ಅವನ ಕೈಯಲ್ಲಿದೆ. ಅವನು ಲೋಕವನ್ನು ಬಿಟ್ಟು ಹೋಗುವುದಿಲ್ಲ, ಲೋಕ ಅವನ ಸುತ್ತ ನೆರೆಯುತ್ತದೆ.

2003ರಿಂದ ಅವರು ಮಾಡಿದ ‘ಮಪ್ಪಾಮುಂಡಿ’, ಅಂದರೆ ಮಧ್ಯಯುಗದ ಜಗತ್ತಿನ ಭೂಪಟ, ಎಂಬ ಸರಣಿಯಲ್ಲಿ ಇದೇ ವಿಚಾರ ಇನ್ನೂ ಹಿಗ್ಗಿದೆ. ಜರ್ಮನಿಯ ಎಬ್‌ಸ್ಟೋರ್ಫ್ ಎಂಬಲ್ಲಿಯ ಕನ್ಯಾಮಠದಲ್ಲಿ ಹದಿಮೂರನೆಯ ಶತಮಾನದ ಒಂದು ಭಾರಿ ಭೂಪಟ ದೊರೆತಿತ್ತು. ಮೂವತ್ತು ಆಡಿನ ಚರ್ಮಗಳನ್ನು ಹೊಲಿದು ಮಾಡಿದ, ಸುಮಾರು ಮೂರೂವರೆ ಮೀಟರ್ ಉದ್ದಗಲದ ಪಟ. ಜೆರುಸಲೇಮ್ ನಡುವೆ, ಇಡೀ ಭೂಮಂಡಲ ಕ್ರಿಸ್ತನ ದೇಹ, ಮೇಲೆ ಅವನ ಮುಖ, ಎಡಬಲಕ್ಕೆ ಕೈ, ಕೆಳಗೆ ಪಾದ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಹ್ಯಾನೋವರ್ ನಗರದ ಮೇಲೆ ಬಾಂಬು ಬಿದ್ದಾಗ ಅದು ಸುಟ್ಟುಹೋಯಿತು. ಶೇಖ್ ಅವರ ಕೈಗೆ ಸಿಕ್ಕಿದ್ದು ಅದರ ಚಿತ್ರವಿದ್ದ ಒಂದು ಪೋಸ್ಟ್‌ಕಾರ್ಡು. ಇಲ್ಲದ ಭೂಪಟದ ಆ ಸಣ್ಣ ನೆರಳನ್ನು ಹಿಡಿದು ಅವರು ತಮ್ಮದೇ ಭೂಪಟಗಳನ್ನು ಕಟ್ಟಿದರು. ಅವುಗಳಲ್ಲಿ ಕಬೀರ, ಮರುಭೂಮಿಯ ಮಜ್ನೂ, ಹಕ್ಕಿಗಳೊಡನೆ ಮಾತಾಡಿದ ಅಸಿಸಿಯ ಫ್ರಾನ್ಸಿಸ್, ಚಿನ್ನದ ಜಿಂಕೆಯ ಹಿಂದೆ ಹೋದ ರಾಮ ಇವರೆಲ್ಲ ಜಾಗ ಪಡೆದಿದ್ದಾರೆ. ಒಬ್ಬನೇ ದೇವರ ದೇಹವಾಗಿದ್ದ ಜಗತ್ತು ಹಲವರು ನಡೆದಾಡುವ ಜಗತ್ತಾಗಿದೆ. ಗುಜರಾತಿನಲ್ಲಿ 2002ರ ಹಿಂಸೆ ನಡೆದ ಮರುವರ್ಷ, ಅಲ್ಲೇ ವಾಸವಾಗಿದ್ದ ಒಬ್ಬರು ಇಂಥ ಕೆಲಸಕ್ಕೆ ಕೈಹಾಕಿದರೆಂಬುದನ್ನು ಮರೆತು ಅದನ್ನು ನೋಡಲಾಗದು.

ರಾಜಸ್ಥಾನದ ಕಾವಡ್ ಎಂಬ ಬಣ್ಣದ ಮರದ ಪೆಟ್ಟಿಗೆಯಿಂದ ಅವರು ಮಾಡಿದ ಕೃತಿಗಳನ್ನೂ ನೀವು ನೋಡಿರಬೇಕು. ಕತೆ ಹೇಳುವವನು ಊರೂರು ಹೊತ್ತು ತಿರುಗುವ ಈ ಗುಡಿಗೆ ಹಲವು ಬಾಗಿಲು. ಒಂದು ತೆರೆದರೆ ಇನ್ನೊಂದು, ಎಲ್ಲಕ್ಕಿಂತ ಒಳಗೆ ದೇವರು. ಶೇಖ್ ಅದನ್ನು ಮನುಷ್ಯ ಒಳಹೊಕ್ಕು ನಿಲ್ಲುವಷ್ಟು ದೊಡ್ಡದಾಗಿಯೂ ಮಾಡಿದ್ದಾರೆ. ಒಳಗೆ ಹೋದವರು ಚಿತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಚಿತ್ರದ ನಡುವೆ ನಿಂತಿರುತ್ತಾರೆ.

ಒಂದು ಅಸಮಾಧಾನವನ್ನೂ ಮುಚ್ಚಿಡಬಾರದು. ಈಚಿನ ಕೆಲವು ಕೃತಿಗಳಲ್ಲಿ, ಮುಖ್ಯವಾಗಿ ಕಂಪ್ಯೂಟರಿನ ನೆರವಿನಿಂದ ಹಳೆಯ ಚಿತ್ರಗಳ ತುಣುಕುಗಳನ್ನು ಕೂಡಿಸಿ ಕಟ್ಟಿದವುಗಳಲ್ಲಿ, ಉಲ್ಲೇಖಗಳು ಎಷ್ಟು ದಟ್ಟವಾಗಿವೆಯೆಂದರೆ ಯಾವುದು ಎಲ್ಲಿಂದ ಬಂತೆಂದು ತಿಳಿದವರಿಗೆ ಮಾತ್ರ ಅವು ತೆರೆದುಕೊಳ್ಳುತ್ತವೆ. ತಾಯಿಯ ಮುಖ ಯಾರಿಗೂ ಟಿಪ್ಪಣಿಯಿಲ್ಲದೆ ತಲುಪುತ್ತದೆ. ಇಟಲಿಯ ಹಳೆಯ ಚಿತ್ರಕಾರ ಜೊತ್ತೊ ಬರೆದ ಆಕೃತಿಯೊಂದನ್ನು ತಂದು ಇಟ್ಟರೆ ಅದು ಎಲ್ಲರಿಗೂ ಹಾಗೆ ತಲುಪುವುದಿಲ್ಲ. ನಿಮಗೆ ದೆಹಲಿಯಲ್ಲಿ ಆದ ತಬ್ಬಿಬ್ಬಿನ ಒಂದು ಪಾಲು ಇದರಿಂದಲೂ ಬಂದಿರಬಹುದು. ಅದಕ್ಕೆ ನೀವು ಮುಜುಗರಪಡಬೇಕಾಗಿಲ್ಲ.

ನಮ್ಮ ನೆಲದಲ್ಲಿ ಈ ಮೀರುವಿಕೆ ಹೇಗೆ ಕಾಣುತ್ತದೆಂಬುದನ್ನು ಹೇಳಿದರೆ ನಿಮಗೆ ಹತ್ತಿರವಾದೀತು. ಚಿಕ್ಕವನಿದ್ದಾಗ ನಾನು ತೆಯ್ಯಂ ಎಂಬ ದೈವಾರಾಧನೆ ನಡೆಯುವ ಕಳಿಯಾಟದ ರಾತ್ರಿ ಮುಖ ಬರೆಯುವಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದೆ. ತೆಯ್ಯಂ ಕಟ್ಟುವವರು ಚಾಪೆಯ ಮೇಲೆ ಅಂಗಾತ ಮಲಗುತ್ತಾರೆ. ಬರೆಯುವವರು ತಲೆಯ ಕಡೆ ಕುಳಿತು ಬಾಗಿ, ತೆಂಗಿನ ಗರಿಯ ಕಡ್ಡಿಯ ತುದಿಯನ್ನು ಜಜ್ಜಿ ಮಾಡಿದ ಕುಂಚದಿಂದ, ತಲೆಕೆಳಗಾಗಿ ಕಾಣುವ ಮುಖದ ಮೇಲೆ ಗೆರೆ ಎಳೆಯುತ್ತಾರೆ. ಅರದಾಳದ ಹಳದಿ, ಇಂಗಳೀಕದ ಕೆಂಪು, ಎಣ್ಣೆಯಲ್ಲಿ ಕಲಸಿದ ಕಾಡಿಗೆ. ಮಲಗಿದವರಿಗೆ ತನ್ನ ಮುಖ ಏನಾಗುತ್ತಿದೆಯೆಂದು ಕಾಣುವುದಿಲ್ಲ. ತಲೆಯುಡುಗೆಯೆಲ್ಲ ಕಟ್ಟಿದ ಮೇಲೆ ಕೈಗೆ ಸಣ್ಣ ಕನ್ನಡಿ ಕೊಡುತ್ತಾರೆ. ಆ ಕನ್ನಡಿಯಲ್ಲಿ ನೋಡುವ ಕ್ಷಣದಲ್ಲಿ ಮನುಷ್ಯ ದೈವವಾಗುತ್ತಾನೆಂಬುದು ನಂಬಿಕೆ. ಹಗಲಿನಲ್ಲಿ ತೆಂಗಿನ ಮರ ಹತ್ತುವ ಅಥವಾ ಕಲ್ಲು ಕಡಿಯುವ ದೇಹವೇ ಅದು. ಅಂಗೈಯ ದಡ್ಡು ಹಾಗೆಯೇ ಇದೆ. ಆ ದೇಹ ಬಾಯಿಬಿಟ್ಟಾಗ ನೂರಾರು ವರ್ಷಗಳ ಹಿಂದೆ ಅನ್ಯಾಯವಾಗಿ ಸತ್ತ ಯಾರದೋ ಮಾತು ಬರುತ್ತದೆ. ನೆನಪು, ಚರಿತ್ರೆ, ಮೀರುವಿಕೆ ಎಂಬ ಮೂರನ್ನೂ ಒಂದೇ ಮುಖದಲ್ಲಿ ನಾನು ಮೊದಲು ಕಂಡದ್ದು ಅಲ್ಲಿ. ಚಿತ್ರಶಾಲೆಗಳೆಲ್ಲ ಆಮೇಲೆ.

ಕುಂಬಳೆ ಸಮೀಪದ ಆರಿಕ್ಕಾಡಿಯಲ್ಲಿ ಮುಸ್ಲಿಮನೊಬ್ಬ ದೈವವಾದ ಆಲಿ ಭೂತಕ್ಕೆ ಆರಾಧನೆ ನಡೆಯುತ್ತದೆ. ಮಂಜೇಶ್ವರದ ಉದ್ಯಾವರದಲ್ಲಿ ‘ಮಾಡ’ ಎಂಬ ದೈವಸ್ಥಾನದ ಅರಸು ದೈವಗಳು ಉತ್ಸವಕ್ಕೆ ಮೊದಲು ಮಸೀದಿಗೆ ಹೋಗಿ ಅಲ್ಲಿಯವರನ್ನು ಕರೆದು ಬರುವ ಕ್ರಮವಿದೆ. ಇವನ್ನು ಸೌಹಾರ್ದದ ಉದಾಹರಣೆಗಳೆಂದು ಪತ್ರಿಕೆಗಳಲ್ಲಿ ಬರೆಯುತ್ತೇವೆ, ಅದು ಸರಿಯೇ. ಚಿತ್ರಕಾರರಾಗಿ ನಾವು ಗಮನಿಸಬೇಕಾದದ್ದು ಇನ್ನೂ ಒಂದಿದೆ: ಅಲ್ಲಿ ಯಾರು ಯಾರ ಅಂಗಳಕ್ಕೆ ನಡೆದು ಹೋಗುತ್ತಾರೆ, ಎಲ್ಲಿಯವರೆಗೆ ಹೋಗಿ ನಿಲ್ಲುತ್ತಾರೆ, ಎದುರುಗೊಳ್ಳುವವರು ಎಲ್ಲಿ ನಿಂತಿರುತ್ತಾರೆ. ಮತ್ತೆ ಪಾದಗಳ ಪ್ರಶ್ನೆಯೇ.

ಹೀಗಾಗಿ ಮೂರರಲ್ಲಿ ಯಾವುದು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನೆನಪು ಒಬ್ಬರದಾಗಿರುವವರೆಗೆ ಅದು ನೆನಪು. ಆ ನೆನಪಿನ ಅಂಗಳಕ್ಕೆ ಉಳಿದವರೂ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತಾಗ ಅದು ಚರಿತ್ರೆಯಾಗುತ್ತದೆ. ಅವರೆಲ್ಲ ಬಂದ ಮೇಲೆ ಚಿತ್ರಕಾರ ‘ಇದು ನನ್ನದು’ ಎಂಬ ಹಿಡಿತವನ್ನು ಸಡಿಲಿಸಿದರೆ ಅದೇ ಮೀರುವುದು. ಶೇಖ್ ಅವರ ಒಳ್ಳೆಯ ಚಿತ್ರಗಳಲ್ಲಿ ಈ ಮೂರೂ ಒಂದರ ಬೆನ್ನಿಗೆ ಇನ್ನೊಂದು ಆಗುತ್ತವೆ, ಆದ್ದರಿಂದ ಒಂದೇ ಹೆಸರು ಹಚ್ಚಲು ಬರುವುದಿಲ್ಲ.

ಈಗ ನಿಮ್ಮ ಹಾಳೆಗಳು. ಮೊದಲನೆಯದೂ ಮೂರನೆಯದೂ ಒಂದೇ ಕಡೆಯಿಂದ ನೋಡಿದ ಚಿತ್ರಗಳು: ದಣಪೆಯ ಹೊರಗೆ ನಿಂತು, ಸಂಜೆಯ ಹೊತ್ತು, ನೆರಳೆಲ್ಲ ಬಲಕ್ಕೆ ಬಿದ್ದಿರುವಾಗ. ಹಂಚಿನ ಮಾಡು, ತುಳಸಿಕಟ್ಟೆ, ಅಡುಗೆಮನೆಯ ಹೊಗೆ, ಕೊಡಪಾನ ಹಿಡಿದ ಅಜ್ಜಿ. ಕೈ ಪಳಗಿದ್ದು, ಬಣ್ಣ ಹದವಾಗಿದೆ, ಹಂಚಿನ ಸಾಲುಗಳ ದೂರ–ಹತ್ತಿರ ಸರಿಯಾಗಿದೆ. ಕ್ಯಾಲೆಂಡರಿನಂತೆ ಕಾಣುವುದಕ್ಕೆ ಅದೇ ಕಾರಣ. ಆ ಮನೆಯನ್ನು ನೀವು ದಣಪೆಯ ಹೊರಗೆ ನಿಂತು ಎಂದೂ ನೋಡಿದವರಲ್ಲ. ಹೊರಗಿನಿಂದ ಹಾಗೆ ನೋಡುವವನು ದಾರಿಹೋಕ, ಅಥವಾ ಫೋಟೋ ತೆಗೆಯುವವನು. ನೀವು ಅದನ್ನು ಮೊಣಕಾಲಿನ ಎತ್ತರದಿಂದ, ಅಜ್ಜಿಯ ಸೆರಗಿನ ಹಿಂದಿನಿಂದ, ಅಟ್ಟದ ಏಣಿಯಿಂದ, ಜ್ವರ ಬಂದು ಚಾವಡಿಯಲ್ಲಿ ಮಲಗಿ ಮಾಡಿನ ಪಕ್ಕಾಸುಗಳನ್ನು ಎಣಿಸುತ್ತ ನೋಡಿದವರು. ಆ ಎಲ್ಲ ನೋಟಗಳನ್ನು ಒಂದು ಸಂಜೆಗೂ ಒಂದು ಮೂಲೆಗೂ ಕಟ್ಟಿಹಾಕಿದರೆ ಉಳಿಯುವುದು ಚೆಂದ ಮಾತ್ರ.

ಆದುದರಿಂದ ದೂರ–ಹತ್ತಿರದ ನಿಯಮವನ್ನು ಈ ಒಂದು ಚಿತ್ರದ ಮಟ್ಟಿಗೆ ಬಿಟ್ಟುಬಿಡಿ. ಹಾಳೆಯನ್ನು ನೆಲದ ಮೇಲೆ ಹಾಸಿ, ಮೊದಲು ಮನೆಯ ಅಡಿಪಾಯವನ್ನು ಮೇಲಿನಿಂದ ನೋಡಿದಂತೆ ಬರೆಯಿರಿ: ಜಗಲಿ, ಚಾವಡಿ, ಅಡುಗೆಮನೆ, ಬಚ್ಚಲು, ಬಾವಿಕಟ್ಟೆ, ಹಟ್ಟಿ, ಕೊಬ್ಬರಿ ಒಣಹಾಕುತ್ತಿದ್ದ ಅಂಗಳ, ತೋಟಕ್ಕೆ ಇಳಿಯುವ ಮೆಟ್ಟಿಲು. ಗೋಡೆಗಳನ್ನು ಎಬ್ಬಿಸಲು ಅವಸರ ಬೇಡ. ಆಮೇಲೆ ಒಬ್ಬೊಬ್ಬರನ್ನೇ ತಂದು ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿಸಿ, ಪ್ರತಿಯೊಬ್ಬರನ್ನೂ ಅವರು ನಿಮಗೆ ಕಂಡಷ್ಟೇ ಎತ್ತರಕ್ಕೆ. ಅಜ್ಜಿ ಮೂರು ಕಡೆ ಬರಬೇಕಾದರೆ ಮೂರು ಕಡೆ ಬರಲಿ, ಮೂರು ಪ್ರಾಯದವರಾಗಿ ಬರಲಿ. ಕಾಯಿ ಲೆಕ್ಕ ಹಾಕಲು ಬರುತ್ತಿದ್ದ ಬ್ಯಾರಿ ಸಾಹುಕಾರರು ಇದ್ದರೆ ಅವರು ಎಲ್ಲಿ ಕೂರುತ್ತಿದ್ದರು, ಕೆಲಸದವರಿಗೆ ಗಂಜಿ ಎಲ್ಲಿ ಬಡಿಸುತ್ತಿದ್ದರು, ಯಾರಿಗೆ ಬಾವಿಕಟ್ಟೆಯವರೆಗೆ ಬರಲು ಬಿಡುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ, ಇವೆಲ್ಲ ನೆಲದ ಮೇಲೆ ತಾವಾಗಿ ಏಳುತ್ತವೆ. ಅದು ಹಿತವಾಗಿರುವುದಿಲ್ಲ. ಅಜ್ಜಿಯನ್ನು ಪ್ರೀತಿಸುತ್ತಲೇ ಅವರ ಅಂಗಳದ ಗಡಿಗಳನ್ನು ಬರೆಯಬೇಕಾಗುತ್ತದೆ.

ಗೇಣಿ ಮನೆಯಾಗಿತ್ತು, 1970ರ ನಂತರ ನಮ್ಮದಾಯಿತು ಎಂದು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಮೂರು ಹಾಳೆಗಳಲ್ಲಿ ಎಲ್ಲಿಯೂ ಅದರ ಸುಳಿವಿಲ್ಲ. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದಾಗ ಎಷ್ಟೋ ಒಕ್ಕಲುಗಳು ತಾವು ಉತ್ತ ನೆಲಕ್ಕೂ ಕುಳಿತ ಮನೆಗೂ ಒಡೆಯರಾದರು. ಆ ವರ್ಷದ ಮೊದಲೂ ಆಮೇಲೂ ನಿಮ್ಮ ಅಜ್ಜ ಅದೇ ಜಗಲಿಯಲ್ಲಿ ಒಂದೇ ರೀತಿ ಕೂತಿರಲಾರರು. ಒಡೆಯರು ಬಂದಾಗ ಎದ್ದು ನಿಲ್ಲುತ್ತಿದ್ದ ಅಜ್ಜ ಮತ್ತು ತನ್ನ ಜಗಲಿಯಲ್ಲಿ ಕಾಲು ನೀಡಿ ಕೂತ ಅಜ್ಜ, ಇಬ್ಬರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಶೀರ್ಷಿಕೆ ಬೇಕಾಗುವುದಿಲ್ಲ. ಐವತ್ತು ವರ್ಷಗಳ ಮೇಲೆ ಅದೇ ನೆಲವನ್ನು ಹೆದ್ದಾರಿ ಕೇಳಿತು. ಆ ಗಡಿಯ ಸರ್ವೇ ಕಲ್ಲು ಎಲ್ಲಿ ನೆಟ್ಟಿದ್ದರೆಂದು ನಿಮಗೆ ನೆನಪಿರುತ್ತದೆ. ಅದಕ್ಕೂ ಹಾಳೆಯಲ್ಲಿ ಜಾಗ ಕೊಡಿ.

ಆಕಾಶವನ್ನು ನೀವು ಖಾಲಿ ಬಿಟ್ಟಿದ್ದೀರಿ. ಶೇಖ್ ಅವರ ಆಕಾಶದಲ್ಲಿ ದೇ‌ವದೂತರಿದ್ದರೆಂದು ನೀವು ತರಬೇಕಾಗಿಲ್ಲ. ನಮ್ಮ ಜಿಲ್ಲೆಯ ಒಳನಾಡಿನವರು ಇದೇ ಚಿತ್ರ ಬರೆದರೆ, ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯವರು ಬರೆದರೆ, ಅವರ ಆಕಾಶದಲ್ಲಿ 2000ದವರೆಗೂ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಹೆಲಿಕಾಪ್ಟರ್ ಬಾರದೆ ಇರಲಾರದು. ನಿಮ್ಮ ಅಜ್ಜಿಯ ಮನೆಯ ಮೇಲಿನ ಆಕಾಶದಲ್ಲಿ ಏನಿತ್ತೆಂಬುದು ನಿಮಗೇ ತಿಳಿಯಬೇಕು. ಏನೂ ಇರಲಿಲ್ಲವಾದರೆ ಖಾಲಿಯೇ ಇರಲಿ.

ಬಣ್ಣ, ಹಾಳೆಗಳ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಸಲಹೆ. ಜಲವರ್ಣದಲ್ಲಿ ನಿಮಗೆ ಕೈ ಸಲೀಸಾಗಿರುವುದರಿಂದ ಚಿತ್ರ ಬೇಗ ಮುಗಿದುಹೋಗುತ್ತದೆ. ಈ ಚಿತ್ರ ಬೇಗ ಮುಗಿಯಬಾರದು. ಗಟ್ಟಿ ಹಾಳೆಯ ಮೇಲೆ ಗುವಾಶ್ ಎಂಬ ಅಪಾರದರ್ಶಕ ಜಲವರ್ಣ ಬಳಸಿದರೆ ಬರೆದದ್ದರ ಮೇಲೆ ಮತ್ತೆ ಬರೆಯಬಹುದು, ಒಬ್ಬರನ್ನು ಅಳಿಸಿ ಇನ್ನೊಬ್ಬರಿಗೆ ಜಾಗ ಮಾಡಬಹುದು. ಅಳಿಸಿದ್ದು ಸ್ವಲ್ಪ ಕಂಡರೂ ಅಡ್ಡಿಯಿಲ್ಲ.

ಕೊನೆಯಲ್ಲಿ, ಮೊದಲೇ ಹೇಳಿದ ಎರಡನೆಯ ಹಾಳೆ. ಅದನ್ನು ನೀವು ಅರ್ಧಕ್ಕೇ ಬಿಟ್ಟಿದ್ದೀರಿ, ಬಹುಶಃ ಕೆಟ್ಟಿತೆಂದು. ಅದರ ಎಡಮೂಲೆಯಲ್ಲಿ, ಬಣ್ಣ ಹಚ್ಚದೆ ಬರಿಯ ಪೆನ್ಸಿಲಿನಲ್ಲಿ, ಜಗಲಿಯ ಕೆಳಗೆ ಐದು ಜೊತೆ ಚಪ್ಪಲಿಗಳನ್ನು ಬಿಡಿಸಿದ್ದೀರಿ. ಒಂದರ ಉಂಗುಷ್ಟ ಕಿತ್ತಿದೆ, ಪಿನ್ನು ಹಾಕಿದ್ದು ಕೂಡ ಕಾಣುತ್ತದೆ. ಮೂರು ಹಾಳೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ, ಏಕೆಂದರೆ ಅಲ್ಲಿ ನೀವು ಚೆಂದ ಮಾಡಲು ಹೋಗಿಲ್ಲ, ಕಂಡದ್ದನ್ನು ಬರೆದಿದ್ದೀರಿ. ಆ ಐದರಿಂದ ದೂರ, ಅಂಗಳದ ಅಂಚಿನಲ್ಲಿ, ತೆಂಗಿನ ಬುಡದ ಹತ್ತಿರ, ಇನ್ನೊಂದು ಜೊತೆ ಬೇರೆಯಾಗಿದೆ. ಅದು ಯಾರದೆಂದು ನೀವು ಬರೆದಿಲ್ಲ. ಹೊಸ ಹಾಳೆಯನ್ನು ಅಲ್ಲಿಂದ ತೊಡಗಿ, ಆದರೆ ಬಣ್ಣ ಕಲಸುವ ಮೊದಲು ನಿಮ್ಮ ತಾಯಿಯವರ ಹತ್ತಿರ ಕುಳಿತು, ಆ ಚಪ್ಪಲಿ ಯಾರದು, ಅವರು ಅಲ್ಲೇ ಯಾಕೆ ಕಳಚಿಡುತ್ತಿದ್ದರು, ಅವರ ಹೆಸರೇನು ಎಂದು ಕೇಳಿ.